ತೂಕ ಇಳಿಸುವಾಗ ಕ್ರಿಯಾಟಿನ್: ನಿಲ್ಲಿಸಬೇಕೋ, ಮುಂದುವರಿಸಬೇಕೋ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನನಗೆ 21 ವರ್ಷ. ಫ್ರೀಸ್ಟೈಲ್ ಕುಸ್ತಿ ಆಡುತ್ತೇನೆ. ಈಗ ನನ್ನ ತೂಕ 69 ಕೆಜಿ. ಇನ್ನು ಎಂಟು ವಾರಕ್ಕೆ ಒಂದು ಟೂರ್ನಿ ಇದೆ. ಅದರಲ್ಲಿ 65 ಕೆಜಿ ವಿಭಾಗದಲ್ಲಿ ಆಡಬೇಕು ಅಂದುಕೊಂಡಿದ್ದೇನೆ. ಮೂರು ತಿಂಗಳಿಂದ ದಿನಕ್ಕೆ 5 ಗ್ರಾಂ ಕ್ರಿಯಾಟಿನ್ ತೆಗೆದುಕೊಳ್ಳುತ್ತಿದ್ದೇನೆ. ಶಕ್ತಿ ಜಾಸ್ತಿಯಾಗಿದೆ, ತೂಕವೂ ಸ್ವಲ್ಪ ಏರಿದೆ. ‘ಅದು ಬರೀ ನೀರು, ಕೊನೆಯ ವಾರ ನಿಲ್ಲಿಸು, ಎರಡು ಕೆಜಿ ತಾನಾಗೇ ಹೋಗುತ್ತೆ’ ಅಂತಾರೆ ಕೋಚ್. ‘ತೂಕ ನೋಡಿದ ಮೇಲೆ ಒಂದೇ ಸಲ ಜಾಸ್ತಿ ತಗೋ, ಶಕ್ತಿ ವಾಪಸ್ ಬರುತ್ತೆ’ ಅಂತಾನೆ ಜೊತೆಯಲ್ಲಿ ಆಡುವ ಗೆಳೆಯ. ಯಾರ ಮಾತು ಕೇಳಲಿ? ಬೆವರು ಹರಿಸಿ ತೂಕ ಇಳಿಸುವಾಗ ಕ್ರಿಯಾಟಿನ್ ಇದ್ದರೆ ಕಿಡ್ನಿ ಹಾಳಾಗುತ್ತಾ? 16 ವರ್ಷದ ನನ್ನ ತಮ್ಮನೂ ಕುಸ್ತಿ ಆಡುತ್ತಾನೆ, ಅವನಿಗೂ ಇದನ್ನು ಕೊಡಬಹುದಾ?

ಉತ್ತರ: ನಿಮಗೆ ತುರ್ತಾಗಿ ಬೇಕಾದದ್ದನ್ನು ಮೊದಲು ಹೇಳಿಬಿಡುತ್ತೇನೆ. ಕೊನೆಯ ವಾರ ಕ್ರಿಯಾಟಿನ್ ನಿಲ್ಲಿಸಿದರೆ ಎರಡು ಕೆಜಿ ಹೋಗುವುದಿಲ್ಲ. ಹೋದರೆ ನೂರಿನ್ನೂರು ಗ್ರಾಂ ಹೋಗಬಹುದು, ಅಷ್ಟೇ. ನಿಲ್ಲಿಸುವುದಾದರೆ ಐದಾರು ವಾರ ಮೊದಲೇ ನಿಲ್ಲಿಸಬೇಕು. ಇಲ್ಲವಾದರೆ ಟೂರ್ನಿ ಮುಗಿಯುವ ತನಕ ಒಂದೇ ಪ್ರಮಾಣದಲ್ಲಿ ಮುಂದುವರಿಸಬೇಕು. ತೂಕ ನೋಡಿದ ಮೇಲೆ ಒಂದೇ ಸಲ ಜಾಸ್ತಿ ತೆಗೆದುಕೊಳ್ಳುವ ಯೋಚನೆಯನ್ನು ಈಗಲೇ ಬಿಟ್ಟುಬಿಡಿ. ಒಂದು ವಾರ ಮೊದಲಲ್ಲ, ಎಂಟು ವಾರ ಮೊದಲೇ ಕೇಳಿದ್ದೀರಿ. ಅದು ತುಂಬಾ ಒಳ್ಳೆಯದಾಯಿತು, ಏಕೆಂದರೆ ಈ ವಿಷಯದಲ್ಲಿ ಎಲ್ಲವೂ ನಿಂತಿರುವುದು ಕ್ಯಾಲೆಂಡರಿನ ಮೇಲೆ.

ಕ್ರಿಯಾಟಿನ್ ಎಂದರೆ ಹೊರಗಿನಿಂದ ಬಂದ ವಿಚಿತ್ರ ವಸ್ತುವಲ್ಲ. ನಮ್ಮ ಲಿವರ್ ಮತ್ತು ಕಿಡ್ನಿ ಸೇರಿ ದಿನಕ್ಕೆ ಸುಮಾರು 1 ಗ್ರಾಂ ತಯಾರಿಸುತ್ತವೆ. ಮಾಂಸ, ಮೀನು ತಿನ್ನುವವರಿಗೆ ಊಟದಿಂದಲೂ ಹೆಚ್ಚುಕಡಿಮೆ ಅಷ್ಟೇ ಸಿಗುತ್ತದೆ. 70 ಕೆಜಿ ತೂಕದ ಒಬ್ಬ ಗಂಡಸಿನ ಮೈಯಲ್ಲಿ ಸುಮಾರು 120 ಗ್ರಾಂ ಇರುತ್ತದೆ, ಅದರಲ್ಲಿ ನೂರಕ್ಕೆ 95 ಪಾಲು ಸ್ನಾಯುಗಳಲ್ಲೇ ಇರುತ್ತದೆ. ಸ್ನಾಯು ಕೆಲಸ ಮಾಡಲು ಎಟಿಪಿ ಎಂಬ ಇಂಧನ ಬೇಕು. ಜೋರಾಗಿ ನುಗ್ಗಿದಾಗ ಅದು ಕೆಲವೇ ಸೆಕೆಂಡಿನಲ್ಲಿ ಖರ್ಚಾಗುತ್ತದೆ. ಖರ್ಚಾದದ್ದನ್ನು ತಕ್ಷಣ ತುಂಬಿಕೊಡುವುದು ಫಾಸ್ಫೋಕ್ರಿಯಾಟಿನ್, ಅಂದರೆ ಸ್ನಾಯುವಿನಲ್ಲಿ ಫಾಸ್ಫೇಟ್ ಜೊತೆ ಸೇರಿಕೊಂಡಿರುವ ಕ್ರಿಯಾಟಿನ್. ಹತ್ತು ಸೆಕೆಂಡಿನ ಆಸುಪಾಸಿನ ಪೂರ್ಣ ಬಲದ ಕೆಲಸಕ್ಕೆ ಇದೇ ಮುಖ್ಯ ಆಸರೆ.

ಕುಸ್ತಿಗೆ ಇದು ಚೆನ್ನಾಗಿ ಹೊಂದುತ್ತದೆ, ಅಲ್ವಾ? ಮೂರು ಮೂರು ನಿಮಿಷದ ಎರಡು ಸುತ್ತು, ನಡುವೆ ಅರ್ಧ ನಿಮಿಷ ವಿಶ್ರಾಂತಿ. ಆದರೆ ಆ ಆರು ನಿಮಿಷವೂ ಒಂದೇ ವೇಗದಲ್ಲಿ ನಡೆಯುವುದಿಲ್ಲ. ಕಾಲಿಗೆ ನುಗ್ಗುವುದು, ಎತ್ತುವುದು, ಕೆಳಗೆ ಬಿದ್ದಾಗ ತಿರುಗದಂತೆ ತಡೆಯುವುದು, ಮತ್ತೆ ಕೈ ಕೈ ಹಿಡಿದು ತಳ್ಳಾಟ. ಪೂರ್ಣ ಬಲದ ಚಿಕ್ಕ ಚಿಕ್ಕ ಹೊಡೆತಗಳು ಮತ್ತೆ ಮತ್ತೆ ಬರುತ್ತವೆ. ಒಂದು ಹೊಡೆತಕ್ಕೂ ಇನ್ನೊಂದಕ್ಕೂ ನಡುವೆ ಬೇಗ ಚೇತರಿಸಿಕೊಳ್ಳುವುದೇ ಕ್ರಿಯಾಟಿನ್ ಕೊಡುವ ಲಾಭ. ಹಾಗಾಗಿ ನಿಮ್ಮ ಶಕ್ತಿ ಹೆಚ್ಚಿದೆ ಅನ್ನಿಸಿದ್ದರೆ ಅದು ಬರೀ ಭ್ರಮೆಯಲ್ಲ. ಜಿಮ್ಮಿನಲ್ಲಿ ಇನ್ನೆರಡು ಸಲ ಜಾಸ್ತಿ ಎತ್ತುತ್ತೀರಿ, ಅಭ್ಯಾಸದ ಕೊನೆಯ ಸುತ್ತಿನಲ್ಲೂ ಕಾಲಲ್ಲಿ ಬಲ ಇರುತ್ತದೆ. ವಾರಗಟ್ಟಲೆ ಹೀಗೆ ನಡೆದಾಗ ನಿಜವಾದ ಸ್ನಾಯು ಬೆಳೆಯುತ್ತದೆ. ಕೊಬ್ಬು ಕರಗಿಸುವ ಗುಣ ಮಾತ್ರ ಇದಕ್ಕಿಲ್ಲ. ಯಾರಾದರೂ ಹಾಗೆ ಹೇಳಿ ಮಾರಿದರೆ ನಂಬಬೇಡಿ.

ಈಗ ನೀರಿನ ವಿಷಯಕ್ಕೆ ಬರೋಣ. ಕೋಚ್ ಹೇಳಿದ್ದರಲ್ಲಿ ಅರ್ಧ ಸತ್ಯ ಇದೆ. ಕ್ರಿಯಾಟಿನ್ ಸ್ನಾಯುಕೋಶದ ಒಳಗೆ ಹೋಗುವಾಗ ಜೊತೆಗೆ ನೀರನ್ನೂ ಎಳೆದುಕೊಳ್ಳುತ್ತದೆ. ದಿನಕ್ಕೆ 20 ಗ್ರಾಂನಂತೆ ಐದರಿಂದ ಏಳು ದಿನ ‘ಲೋಡಿಂಗ್’ ಮಾಡಿದವರಿಗೆ ಮೊದಲ ವಾರದಲ್ಲೇ ಸಾಮಾನ್ಯವಾಗಿ ಒಂದರಿಂದ ಎರಡು ಕೆಜಿ ಏರುತ್ತದೆ. ನಿಮ್ಮ ಹಾಗೆ ದಿನಕ್ಕೆ 3ರಿಂದ 5 ಗ್ರಾಂ ತೆಗೆದುಕೊಂಡವರ ಸ್ನಾಯುಗಳೂ ಸುಮಾರು ನಾಲ್ಕು ವಾರದಲ್ಲಿ ಅಷ್ಟೇ ತುಂಬುತ್ತವೆ. ಏರುವುದು ನಿಧಾನವಾದ್ದರಿಂದ ಗೊತ್ತಾಗುವುದಿಲ್ಲ, ಅಷ್ಟೇ. ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಏರುವುದೂ ಇಲ್ಲ. ಮೊದಲೇ ಸ್ನಾಯುವಿನಲ್ಲಿ ಕ್ರಿಯಾಟಿನ್ ಜಾಸ್ತಿ ಇರುವವರಿಗೆ ಹೆಚ್ಚೇನೂ ವ್ಯತ್ಯಾಸ ಆಗುವುದಿಲ್ಲ. ಸಸ್ಯಾಹಾರಿಗಳಲ್ಲಿ ಮೊದಲು ಕಡಿಮೆ ಇರುವುದರಿಂದ ಅವರಿಗೆ ಲಾಭವೂ, ತೂಕವೂ ಎದ್ದು ಕಾಣುತ್ತದೆ. ನೀವು ತೂಕ ಬರೆದಿಡುವ ಅಭ್ಯಾಸದವರಾದರೆ ಶುರು ಮಾಡುವ ಮುಂಚೆ ಎಷ್ಟಿತ್ತು, ಒಂದು ತಿಂಗಳ ನಂತರ ಎಷ್ಟಾಯಿತು ಎಂದು ತೆಗೆದು ನೋಡಿ. ಆ ವ್ಯತ್ಯಾಸವೇ ನಿಮ್ಮ ಮಟ್ಟಿಗೆ ಕ್ರಿಯಾಟಿನ್‌ನ ತೂಕ. ಪುಸ್ತಕದ ಸರಾಸರಿಗಿಂತ ಅದು ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಆದರೆ ಈ ನೀರು ಹೊಟ್ಟೆಯಲ್ಲೋ ಚರ್ಮದ ಕೆಳಗೋ ನಿಂತ ನೀರಲ್ಲ. ಅದು ಕೆಲಸ ಮಾಡುವ ಸ್ನಾಯುವಿನ ಒಳಗಿದೆ, ಒಳಗಿನ ಕ್ರಿಯಾಟಿನ್ ಕಡಿಮೆಯಾಗುವ ತನಕ ಅಲ್ಲೇ ಇರುತ್ತದೆ. ಕ್ರಿಯಾಟಿನ್ ಖಾಲಿಯಾಗುವುದು ತುಂಬಾ ನಿಧಾನ. ದಿನಕ್ಕೆ ಒಟ್ಟು ಸಂಗ್ರಹದ ನೂರಕ್ಕೆ ಎರಡು ಪಾಲಿಗಿಂತ ಕಡಿಮೆ ಭಾಗ ಮಾತ್ರ ಕ್ರಿಯಾಟಿನಿನ್ ಎಂಬ ತ್ಯಾಜ್ಯವಾಗಿ ಬದಲಾಗಿ ಮೂತ್ರದಲ್ಲಿ ಹೋಗುತ್ತದೆ. ಅದೇ ಹೊತ್ತಿಗೆ ಮೈ ಹೊಸದನ್ನು ತಯಾರಿಸುತ್ತಿರುತ್ತದೆ, ಊಟದಿಂದಲೂ ಸ್ವಲ್ಪ ಸೇರುತ್ತದೆ. ಸೂಜಿಯಷ್ಟು ತೂತಿರುವ ತುಂಬಿದ ಕೊಡದ ಹಾಗೆ ಇದು. ಮೇಲಿನಿಂದ ನೀರು ಹಾಕುವುದನ್ನು ನಿಲ್ಲಿಸಿದ ಮಾತ್ರಕ್ಕೆ ಕೊಡ ಬರಿದಾಗುವುದಿಲ್ಲ. ಸಪ್ಲಿಮೆಂಟ್ ನಿಲ್ಲಿಸಿದ ಮೇಲೆ ಮೊದಲಿನ ಮಟ್ಟಕ್ಕೆ ಬರಲು ನಾಲ್ಕರಿಂದ ಆರು ವಾರ ಬೇಕು. ನಿಮ್ಮ ಹೆಚ್ಚುವರಿ ನೀರು ಒಂದು ಕೆಜಿ ಎಂದೇ ಇಟ್ಟುಕೊಳ್ಳಿ. ಮೊದಲ ವಾರದಲ್ಲಿ ಅದರ ಐದಾರನೇ ಒಂದು ಪಾಲು ಹೋದರೆ ಹೆಚ್ಚು.

‘ಹಾಗಾದರೆ ನಮ್ಮ ಹುಡುಗರು ಕೊನೆಯ ವಾರ ನಿಲ್ಲಿಸಿ ಎರಡು ಕೆಜಿ ಇಳಿಸಿದ್ದಾರಲ್ಲ?’ ಅಂತ ನಿಮ್ಮ ಕೋಚ್ ಕೇಳಬಹುದು. ಇಳಿಸಿರುತ್ತಾರೆ, ಸುಳ್ಳಲ್ಲ. ಆದರೆ ಆ ವಾರ ಅವರು ಬರೀ ಕ್ರಿಯಾಟಿನ್ ನಿಲ್ಲಿಸಿರುವುದಿಲ್ಲ. ಪಿಷ್ಟದ ಊಟ ಕಡಿಮೆ ಮಾಡಿರುತ್ತಾರೆ, ಉಪ್ಪು ಬಿಟ್ಟಿರುತ್ತಾರೆ, ಊಟದ ಪ್ರಮಾಣವನ್ನೇ ಅರ್ಧಕ್ಕೆ ಇಳಿಸಿರುತ್ತಾರೆ. ಸ್ನಾಯುಗಳಲ್ಲಿ ಗ್ಲೈಕೋಜೆನ್ ಎಂಬ ರೂಪದಲ್ಲಿ 400 ಗ್ರಾಂ ಆಸುಪಾಸು ಸಕ್ಕರೆ ಕೂಡಿಟ್ಟಿರುತ್ತದೆ. ಒಂದೊಂದು ಗ್ರಾಂ ಜೊತೆಗೂ ಸುಮಾರು ಮೂರು ಗ್ರಾಂ ನೀರು ಇರುತ್ತದೆ. ಪಿಷ್ಟ ತಿನ್ನುವುದನ್ನು ಕಡಿಮೆ ಮಾಡಿ ಜೋರಾಗಿ ಅಭ್ಯಾಸ ಮಾಡಿದರೆ ಮೂರ್ನಾಲ್ಕು ದಿನದಲ್ಲಿ ಅದರ ಬಹುಪಾಲು ಖರ್ಚಾಗುತ್ತದೆ. ಒಂದು, ಒಂದೂವರೆ ಕೆಜಿ ಹೋಗುವುದು ಅಲ್ಲಿಂದ. ಹೆಸರು ಮಾತ್ರ ಕ್ರಿಯಾಟಿನ್‌ಗೆ ಬರುತ್ತದೆ. ಕೋಚ್ ಕಣ್ಣಾರೆ ಕಂಡದ್ದು ನಿಜ, ಕಾರಣ ಬೇರೆ. ಈ ಗೊಂದಲ ಬಹಳ ಕಡೆ ಇದೆ, ಅದಕ್ಕೇ ಇಷ್ಟು ಬಿಡಿಸಿ ಹೇಳಿದೆ.

ಹಾಗಾದರೆ ನೀವು ಏನು ಮಾಡಬೇಕು? ಅದಕ್ಕೆ ಮುಂಚೆ ಒಂದು ಲೆಕ್ಕ ಹಾಕಬೇಕು. ಕ್ರಿಯಾಟಿನ್‌ಗಿಂತ ಅದು ಮುಖ್ಯ. ನಿಮ್ಮ ಮೈಯಲ್ಲಿ ಕೊಬ್ಬು ಎಷ್ಟಿದೆ? ಯಾರಾದರೂ ಅಳತೆ ಬಲ್ಲವರಿಂದ ಚರ್ಮದ ಮಡಿಕೆಯ ದಪ್ಪ ಅಳೆಯುವ ಸ್ಕಿನ್‌ಫೋಲ್ಡ್ ಕ್ಯಾಲಿಪರ್ ಹಿಡಿಸಿ, ಅಥವಾ ಎಕ್ಸ್-ರೇ ಮೂಲಕ ಕೊಬ್ಬು ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿ. ಆ ದಿನ ಚೆನ್ನಾಗಿ ನೀರು ಕುಡಿದಿರಬೇಕು. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ತನ್ನ ಗಂಡು ಕುಸ್ತಿಪಟುಗಳಿಗೆ ಹಾಕಿರುವ ಕೆಳಮಿತಿ 5 ಪ್ರತಿಶತ ಕೊಬ್ಬು. ಅದಕ್ಕಿಂತ ಕೆಳಗೆ ಹೋಗಬೇಕಾದ ತೂಕದಲ್ಲಿ ಆಡಲು ಬಿಡುವುದಿಲ್ಲ. ನೆನಪಿಡಿ, 5 ಪ್ರತಿಶತ ಎಂಬುದು ತಲುಪಬೇಕಾದ ಗುರಿಯಲ್ಲ, ಅದು ಅಂಚು.

ನಿಮ್ಮ ಕೊಬ್ಬು 12 ಪ್ರತಿಶತ ಇದೆ ಅಂದುಕೊಳ್ಳೋಣ. 69 ಕೆಜಿಯಲ್ಲಿ ಕೊಬ್ಬು 8.3 ಕೆಜಿ, ಉಳಿದದ್ದು 60.7 ಕೆಜಿ. ಇದನ್ನು 0.95ರಿಂದ ಭಾಗಿಸಿದರೆ 63.9 ಬರುತ್ತದೆ, 5 ಪ್ರತಿಶತ ಮಾತ್ರ ಕೊಬ್ಬು ಉಳಿದಾಗಿನ ಕನಿಷ್ಠ ತೂಕ ಅದು. ಅಂದರೆ 65 ನಿಮ್ಮ ಕೈಗೆ ಎಟುಕುವ ತೂಕ. ಕ್ರಿಯಾಟಿನ್ ನಿಲ್ಲಿಸುವ ಅಗತ್ಯವೇ ಇಲ್ಲ, ಕೊಬ್ಬು ಇಳಿಸಿದರೆ ಸಾಕು. ಈಗ 9 ಪ್ರತಿಶತ ಇದೆ ಅಂದುಕೊಳ್ಳೋಣ. ಆಗ ಕೊಬ್ಬು 6.2 ಕೆಜಿ, ಉಳಿದದ್ದು 62.8. ಅದೇ ಲೆಕ್ಕದಲ್ಲಿ ಕನಿಷ್ಠ ತೂಕ 66.1 ಬರುತ್ತದೆ. 65 ನಿಮ್ಮ ತೂಕ ಅಲ್ಲ.

ಇಲ್ಲೇ ಆಸೆ ಹುಟ್ಟುವುದು. ‘ಕ್ರಿಯಾಟಿನ್ ನಿಲ್ಲಿಸಿದರೆ ಆ ಒಂದು ಕೆಜಿ ನೀರು ಹೋಗುತ್ತದೆ, 66.1 ಇದ್ದದ್ದು 65 ಆಗುತ್ತದಲ್ಲ?’ ಕಾಗದದ ಮೇಲೆ ಆಗುತ್ತದೆ. ಆದರೆ ಮೈಯಲ್ಲಿ ಅಂಚಿನಷ್ಟು ಮಾತ್ರ ಕೊಬ್ಬು ಉಳಿಸಿಕೊಂಡು, ಸ್ನಾಯುವಿನ ಕ್ರಿಯಾಟಿನ್ ಸಂಗ್ರಹವನ್ನೂ ಇಳಿಸಿಕೊಂಡು, ಎಂಟು ವಾರ ಅರೆಹೊಟ್ಟೆಯಲ್ಲಿ ಅಭ್ಯಾಸ ಮಾಡಿ ಮ್ಯಾಟ್ ಮೇಲೆ ನಿಂತರೆ ನಿಮ್ಮಲ್ಲಿ ಏನು ಉಳಿದಿರುತ್ತದೆ? ಎದುರಾಳಿ ನಿಮ್ಮ ತೂಕಕ್ಕೆ ಹೆದರುವುದಿಲ್ಲ, ನಿಮ್ಮ ಬಲಕ್ಕೆ ಹೆದರಬೇಕು. ಅಂತರರಾಷ್ಟ್ರೀಯ ಕುಸ್ತಿ ಸಂಸ್ಥೆಯ ಫ್ರೀಸ್ಟೈಲ್ ಪಟ್ಟಿಯಲ್ಲಿ 65ರ ಮೇಲೆ 70 ಕೆಜಿ ವಿಭಾಗ ಇದೆ. ನೀವು ಈಗಲೇ 69. ನಿಮ್ಮ ಟೂರ್ನಿಯಲ್ಲಿ ಆ ವಿಭಾಗ ಇದ್ದು, ಅಳತೆ 9 ಪ್ರತಿಶತ ಎಂದು ಬಂದರೆ ಎರಡನೇ ಯೋಚನೆ ಬೇಡ, ಹೊಟ್ಟೆ ತುಂಬಾ ಊಟ ಮಾಡಿ 70ರಲ್ಲಿ ಆಡಿ. ಒಲಿಂಪಿಕ್ಸ್ ಪಟ್ಟಿಯ ಕಷ್ಟ ನನಗೆ ಗೊತ್ತು. 2024ರ ಪ್ಯಾರಿಸ್‌ನಲ್ಲಿ 65 ಆದಮೇಲೆ ನೇರ 74 ಇತ್ತು, ನಡುವಿನವರಿಗೆ ನಿಜಕ್ಕೂ ಬಿಕ್ಕಟ್ಟು. ಆದರೆ ಆ ಬಿಕ್ಕಟ್ಟನ್ನು ವರ್ಷಗಟ್ಟಲೆ ಯೋಜನೆಯಿಂದ ಬಿಡಿಸಬೇಕೇ ಹೊರತು ಎಂಟು ವಾರದ ಉಪವಾಸದಿಂದಲ್ಲ.

12 ಪ್ರತಿಶತದ ಹತ್ತಿರ ಇದ್ದೀರಿ ಎಂದು ಇಟ್ಟುಕೊಂಡು ಮುಂದೆ ಹೇಳುತ್ತೇನೆ. ವಾರಕ್ಕೆ 400 ಗ್ರಾಂ ಇಳಿಸಿದರೆ ಎಂಟು ವಾರಕ್ಕೆ 3.2 ಕೆಜಿ ಆಗುತ್ತದೆ, 65.8ಕ್ಕೆ ಬಂದಿರುತ್ತೀರಿ. ಇದಕ್ಕೆ ಖರ್ಚಿಗಿಂತ ದಿನಕ್ಕೆ ಸುಮಾರು 440 ಕ್ಯಾಲೊರಿ ಕಡಿಮೆ ತಿಂದರೆ ಸಾಕು. ಪ್ರೋಟೀನ್ ಮಾತ್ರ ಕಡಿಮೆ ಮಾಡಬೇಡಿ. ತೂಕದ ಪ್ರತಿ ಕೆಜಿಗೆ 1.8ರಿಂದ 2.2 ಗ್ರಾಂ, ಅಂದರೆ ನಿಮಗೆ ದಿನಕ್ಕೆ 125ರಿಂದ 150 ಗ್ರಾಂ ಇರಲಿ. ಅಭ್ಯಾಸದ ಹಿಂದೆ ಮುಂದೆ ಪಿಷ್ಟ ತಿನ್ನಿ, ಬೇರೆ ಹೊತ್ತಿನಲ್ಲಿ ಕಡಿಮೆ ಮಾಡಿ. ಪ್ರತಿದಿನ ಬೆಳಿಗ್ಗೆ ಶೌಚ ಮುಗಿಸಿ, ಏನೂ ತಿನ್ನುವ ಮುಂಚೆ ತೂಕ ನೋಡಿ. ಒಂದು ದಿನದ ಅಂಕಿ ನೋಡಿ ಹೆದರಬೇಡಿ, ಏಳು ದಿನದ ಸರಾಸರಿ ನೋಡಿ.

ಕ್ರಿಯಾಟಿನ್ ದಿನಕ್ಕೆ 3 ಗ್ರಾಂ ಸಾಕು. ನಿಮ್ಮ ಸ್ನಾಯು ಈಗಾಗಲೇ ತುಂಬಿದೆ. ಬೆಳಿಗ್ಗೆಯೋ ಸಂಜೆಯೋ, ಊಟದ ಜೊತೆ ಯಾವಾಗ ಬೇಕಾದರೂ ತೆಗೆದುಕೊಳ್ಳಿ. ಹೊತ್ತಿನ ಬಗ್ಗೆ ಜನ ವಾದ ಮಾಡುತ್ತಾರೆ, ಅದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವಾಗುವುದಿಲ್ಲ. ಮುಖ್ಯವಾದ ಸಂಗತಿ ಇದು: ಈ ಎಂಟು ವಾರದಲ್ಲಿ ಆ 3 ಗ್ರಾಂ ಪ್ರಮಾಣವನ್ನು ಬದಲಾಯಿಸಬೇಡಿ. ಒಂದು ವಾರ ಬಿಟ್ಟು, ಮತ್ತೆ ಶುರು ಮಾಡಿ, ನಡುವೆ ಲೋಡಿಂಗ್ ಮಾಡಿ ಆಟವಾಡಿದರೆ ನಿಮ್ಮ ತಕ್ಕಡಿ ಏನು ಹೇಳುತ್ತಿದೆ ಎಂದೇ ತಿಳಿಯುವುದಿಲ್ಲ. ತೂಕ ಇಳಿಸುವ ನಡುವೆ ಹೊಸದಾಗಿ ಕ್ರಿಯಾಟಿನ್ ಶುರು ಮಾಡುವವರಿಗೆ ಆಗುವ ತೊಂದರೆಯೂ ಇದೇ. ಕೊಬ್ಬು ಇಳಿಯುತ್ತಿರುತ್ತದೆ, ಸ್ನಾಯುವಿಗೆ ನೀರು ಸೇರುತ್ತಿರುತ್ತದೆ, ತಕ್ಕಡಿಯ ಮುಳ್ಳು ಎರಡು ವಾರ ಕದಲುವುದೇ ಇಲ್ಲ. ಗಾಬರಿಯಾಗಿ ಊಟವನ್ನು ಇನ್ನೂ ಕಡಿಮೆ ಮಾಡುತ್ತಾರೆ. ಆಮೇಲೆ ಕಳೆದುಕೊಳ್ಳುವುದು ಸ್ನಾಯುವನ್ನೇ. ನೀವು ಮೂರು ತಿಂಗಳ ಹಿಂದೆಯೇ ಶುರು ಮಾಡಿದ್ದೀರಿ, ಆ ತೊಂದರೆ ನಿಮಗಿಲ್ಲ.

ನಾಲ್ಕನೇ ವಾರದ ಕೊನೆಗೆ ನಿಂತು ನೋಡಿ. ಸರಾಸರಿ 67.5ರ ಕೆಳಗೆ ಬಂದಿದ್ದರೆ ದಾರಿ ಸರಿಯಾಗಿದೆ. 68ರ ಮೇಲೇ ಇದ್ದರೆ ಮೇಲಿನ ವಿಭಾಗಕ್ಕೆ ಹೆಸರು ಕೊಡುವ ಮಾತನ್ನು ಆಗಲೇ ಕೋಚ್ ಹತ್ತಿರ ಆಡಿ. ಆ ಹೊತ್ತಿಗೆ ಕ್ರಿಯಾಟಿನ್ ನಿಲ್ಲಿಸಿದರೂ ಪೂರ್ತಿ ಲಾಭ ಸಿಗುವುದಿಲ್ಲ, ನಾಲ್ಕೇ ವಾರ ಉಳಿದಿರುತ್ತದೆ. ನಿಲ್ಲಿಸಿಯೇ ಆಡಬೇಕು ಎಂಬ ಮನಸ್ಸಿದ್ದರೆ ಇವತ್ತಿನಿಂದ ಎರಡು ವಾರದೊಳಗೆ ನಿರ್ಧಾರ ಆಗಬೇಕು. ನನ್ನನ್ನು ಕೇಳಿದರೆ ನಿಲ್ಲಿಸಬೇಡಿ ಎನ್ನುತ್ತೇನೆ. ಊಟ ಕಡಿಮೆಯಾದ ದಿನಗಳಲ್ಲೂ ಅಭ್ಯಾಸದ ಗುಣಮಟ್ಟ ಬೀಳದಂತೆ ಹಿಡಿದಿಡಲು ಸಹಾಯ ಮಾಡುವ ಕೆಲವೇ ವಸ್ತುಗಳಲ್ಲಿ ಇದೂ ಒಂದು. ಅದನ್ನು ತೆಗೆದು ಒಂದು ಕೆಜಿ ಗಳಿಸುವುದಕ್ಕಿಂತ ಒಂದು ಕೆಜಿ ಕೊಬ್ಬು ಕರಗಿಸುವುದು ಮೇಲು.

ಕೊನೆಯ ಮೂರು ದಿನಕ್ಕೆ 800 ಗ್ರಾಂ ಉಳಿದಿರುತ್ತದೆ. ನಾರಿನಂಶ ಹೆಚ್ಚಿರುವ ಕಾಳು, ಸೊಪ್ಪು, ಸಿಪ್ಪೆ ಸಮೇತದ ಧಾನ್ಯ ಬಿಟ್ಟು ಬೇಗ ಅರಗುವ ಊಟ ಮಾಡಿದರೆ ಕರುಳಿನಲ್ಲಿ ಉಳಿಯುವ ಭಾರವೇ ಕಡಿಮೆಯಾಗುತ್ತದೆ. ಅರ್ಧ ಕೆಜಿಯ ಆಸುಪಾಸು ಅಲ್ಲೇ ಸಿಗುತ್ತದೆ, ಶಕ್ತಿಗೆ ಏನೂ ಕುಂದಿಲ್ಲ. ಉಪ್ಪು ಸ್ವಲ್ಪ ಕಡಿಮೆ, ಹಿಂದಿನ ರಾತ್ರಿ ಊಟ ಹಗುರ, ಬೆಳಿಗ್ಗೆ ಮೈ ಬೆಚ್ಚಗಾಗುವಷ್ಟು ಓಡಾಟ. ಇಷ್ಟರಲ್ಲಿ ಮುಗಿಯಬೇಕು. ಮೈತೂಕದ ನೂರಕ್ಕೆ ಎರಡು ಪಾಲು ನೀರು ಹೋದರೇ ಆಟದ ಮೇಲೆ ಪರಿಣಾಮ ಕಾಣಲು ಶುರುವಾಗುತ್ತದೆ. ನಿಮಗೆ ಅದು 1.3 ಕೆಜಿ. ಅದನ್ನು ದಾಟುವ ಯೋಜನೆ ಯಾರೇ ಕೊಟ್ಟರೂ ಒಪ್ಪಬೇಡಿ. ಕೆಲವರು ಲೀಟರುಗಟ್ಟಲೆ ನೀರು ಕುಡಿದು ಆಮೇಲೆ ಒಮ್ಮೆಲೇ ನಿಲ್ಲಿಸುವ ಉಪಾಯ ಹೇಳುತ್ತಾರೆ. ಉಪ್ಪು ಬಿಟ್ಟು ಹಾಗೆ ಮಾಡಿದರೆ ರಕ್ತದ ಸೋಡಿಯಂ ಕುಸಿದು ಜೀವಕ್ಕೇ ಅಪಾಯ ಬರಬಹುದು. ಅದರ ಹತ್ತಿರ ಹೋಗಬೇಡಿ.

ಇನ್ನು ನಿಮ್ಮ ಗೆಳೆಯ ಹೇಳಿದ ಉಪಾಯ. ಅದಕ್ಕೆ ಒಂದು ಮೂಲ ಇದೆ. ಎಸ್ಟೋನಿಯಾದ ಸಂಶೋಧಕರು ಬೆರಳೆಣಿಕೆಯ ಕುಸ್ತಿಪಟುಗಳ ಮೇಲೆ ನಡೆಸಿದ ಒಂದು ಪ್ರಯೋಗ 2002ರಲ್ಲಿ ಪ್ರಕಟವಾಯಿತು. ಮೈತೂಕದ ಸುಮಾರು 5 ಪ್ರತಿಶತ ಬೇಗನೆ ಇಳಿಸಿದವರಿಗೆ ಚೇತರಿಕೆಯ ಹೊತ್ತಿನಲ್ಲಿ ಗ್ಲೂಕೋಸ್ ಜೊತೆ ಕ್ರಿಯಾಟಿನ್ ಕೊಟ್ಟಾಗ ಪೂರ್ಣ ಬಲದ ಕೆಲಸದಲ್ಲಿ ಲಾಭ ಕಂಡಿತು. ಆದರೆ ಆ ಪ್ರಯೋಗದಲ್ಲಿ ಚೇತರಿಸಿಕೊಳ್ಳಲು 17 ಗಂಟೆ ಇತ್ತು. ಇವತ್ತಿನ ಅಂತರರಾಷ್ಟ್ರೀಯ ನಿಯಮದಲ್ಲಿ ಅಷ್ಟು ಸಮಯ ಎಲ್ಲಿದೆ? 2018ರಿಂದ ಪಂದ್ಯದ ದಿನ ಬೆಳಿಗ್ಗೆಯೇ ತೂಕ ನೋಡುತ್ತಾರೆ, ಅದೇ ಬೆಳಿಗ್ಗೆ ಪಂದ್ಯ ಶುರುವಾಗುತ್ತದೆ. ಒಂದೆರಡು ಗಂಟೆಯಲ್ಲಿ ನುಂಗಿದ ಕ್ರಿಯಾಟಿನ್ ಸ್ನಾಯುವಿಗೆ ಸೇರಿ ಕೆಲಸ ಮಾಡುವುದಿಲ್ಲ. ಬದಲಿಗೆ ಒಂದೇ ಸಲ 10 ಗ್ರಾಂ ನುಂಗಿದವರಲ್ಲಿ ಭೇದಿ ಆಗುವ ಸಾಧ್ಯತೆ ಹೆಚ್ಚು. ಅರೆಹೊಟ್ಟೆಯಲ್ಲಿ, ಒಣಗಿದ ಮೈಯಲ್ಲಿ, ಪಂದ್ಯದ ಬೆಳಿಗ್ಗೆ ಅದು ಬೇಕಾ?

ಮತ್ತೊಂದು ಕಾರಣವೂ ಇದೆ. ಫೈನಲ್‌ಗೆ ಅಥವಾ ಕಂಚಿನ ಪದಕದ ಹಾದಿಗೆ ಬಂದವರ ತೂಕವನ್ನು ಎರಡನೇ ದಿನ ಬೆಳಿಗ್ಗೆ ಮತ್ತೆ ನೋಡುತ್ತಾರೆ. ಕೆಲವು ಟೂರ್ನಿಗಳಲ್ಲಿ ಸಡಿಲಿಕೆ ಇರುತ್ತದೆ, ಒಲಿಂಪಿಕ್ಸ್‌ನಂಥ ದೊಡ್ಡ ಕೂಟಗಳಲ್ಲಿ ಒಂದು ಗ್ರಾಂ ಕೂಡ ಬಿಡುವುದಿಲ್ಲ. 2024ರ ಆಗಸ್ಟ್ 7ರಂದು ಪ್ಯಾರಿಸ್‌ನಲ್ಲಿ ವಿನೇಶ್ ಫೋಗಟ್ ಅವರಿಗೆ ಏನಾಯಿತು ಎಂದು ಇಡೀ ಕುಸ್ತಿ ಲೋಕಕ್ಕೆ ಗೊತ್ತು. 50 ಕೆಜಿ ವಿಭಾಗದ ಫೈನಲ್ ತಲುಪಿದ್ದರು. ಮೊದಲ ದಿನದ ತೂಕ ಪರೀಕ್ಷೆ ಮುಗಿದ ಮೇಲೆ ಪಂದ್ಯಗಳ ನಡುವೆ ತಿನ್ನಲೇಬೇಕು, ಕುಡಿಯಲೇಬೇಕು. ಹಾಗೆ ಏರಿದ್ದನ್ನು ಇಳಿಸಲು ರಾತ್ರಿಯಿಡೀ ಪ್ರಯತ್ನಿಸಿದರೂ ಬೆಳಿಗ್ಗೆ 100 ಗ್ರಾಂ ಉಳಿಯಿತು, ಫೈನಲ್ ಕೈತಪ್ಪಿತು. ಅಲ್ಲಿ ಕ್ರಿಯಾಟಿನ್‌ನ ಮಾತೇ ಇಲ್ಲ. ನಾನು ಇದನ್ನು ನೆನಪಿಸುವುದು ಎರಡನೇ ಬೆಳಿಗ್ಗೆ ಎಷ್ಟು ಕಠಿಣ ಎಂದು ತೋರಿಸಲು. ಮೊದಲ ದಿನ ತೂಕ ಮುಗಿಸಿ ಗ್ಲೂಕೋಸ್ ಜೊತೆ ಕ್ರಿಯಾಟಿನ್ ಸುರಿದುಕೊಂಡರೆ ನೀರನ್ನು ಹಿಡಿದಿಡುವ ವಸ್ತುವನ್ನೇ ಮೈಗೆ ಸೇರಿಸಿದಂತೆ. ಮರುದಿನ ಬೆಳಿಗ್ಗೆ ಅದು ನಿಮ್ಮ ವಿರುದ್ಧ ನಿಲ್ಲುತ್ತದೆ. ನಿಮ್ಮ ಟೂರ್ನಿಯ ನಿಯಮವನ್ನು ಇವತ್ತೇ ತರಿಸಿ ಓದಿ: ತೂಕ ಎಷ್ಟು ಹೊತ್ತಿಗೆ, ಎಷ್ಟು ಸಲ, ಸಡಿಲಿಕೆ ಇದೆಯೇ?

ತೂಕ ಮುಗಿದ ಮೇಲೆ ಮಾಡಬೇಕಾದದ್ದು ಸರಳ. ಒಆರ್‌ಎಸ್ ಥರದ ಉಪ್ಪು, ಸಕ್ಕರೆ ಇರುವ ನೀರನ್ನು ಗುಟುಕು ಗುಟುಕಾಗಿ ಕುಡಿಯಿರಿ. ನಿಮಗೆ ರೂಢಿ ಇರುವ, ಬೇಗ ಅರಗುವ ಊಟ ಸ್ವಲ್ಪ ಸ್ವಲ್ಪ ತಿನ್ನಿ. ಕ್ರಿಯಾಟಿನ್‌ನ 3 ಗ್ರಾಂ ಸಂಜೆ, ಆ ದಿನದ ಪಂದ್ಯ ಮುಗಿದ ಮೇಲೆ ಊಟದ ಜೊತೆ ಆಗಲಿ. ಡ್ರಿಪ್ ಹಾಕಿಸಿಕೊಳ್ಳುವ ಯೋಚನೆ ಬೇಡ. ಆಸ್ಪತ್ರೆಯ ಚಿಕಿತ್ಸೆಯ ಭಾಗವಲ್ಲದೆ 12 ಗಂಟೆಯಲ್ಲಿ 100 ಮಿಲಿಗಿಂತ ಹೆಚ್ಚು ಡ್ರಿಪ್ ಹಾಕಿಸಿಕೊಳ್ಳುವುದು ಡೋಪಿಂಗ್ ವಿರೋಧಿ ಸಂಸ್ಥೆ ವಾಡಾದ ನಿಯಮದ ಪ್ರಕಾರ ನಿಷಿದ್ಧ.

ಈಗ ಬೆವರು ಮತ್ತು ಕಿಡ್ನಿಯ ಪ್ರಶ್ನೆ. ಇದನ್ನು ನೀವು ಕೇಳಿದ್ದು ನನಗೆ ಸಮಾಧಾನ ಕೊಟ್ಟಿತು. 1997ರ ನವೆಂಬರ್ ಮತ್ತು ಡಿಸೆಂಬರ್‌ನಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ತೂಕ ಇಳಿಸುತ್ತಿರುವಾಗಲೇ ತೀರಿಕೊಂಡರು. ಕ್ರಿಯಾಟಿನ್ ಆಗ ಹೊಸದಾಗಿ ಜನಪ್ರಿಯವಾಗಿತ್ತು, ಅನುಮಾನ ಅದರ ಮೇಲೂ ಬಂತು. ತನಿಖೆಯಲ್ಲಿ ಕಂಡದ್ದು ಬೇರೆ. ಬೆವರು ಹೊರಗೆ ಹೋಗದಂಥ ಸೂಟ್ ತೊಟ್ಟು, ಬಿಸಿ ವಾತಾವರಣದಲ್ಲಿ, ನೀರು ಕುಡಿಯದೆ ಅವರು ವ್ಯಾಯಾಮ ಮಾಡಿದ್ದರು. ಮೈಯ ನೀರು ಬತ್ತಿ, ಶಾಖ ಮಿತಿಮೀರಿ ಸಾವು ಬಂದಿತ್ತು. ಇದಾದ ಮೇಲೆ ಎನ್‌ಸಿಎಎ ರಬ್ಬರ್ ಸೂಟ್, ಸೌನಾ, ಮೂತ್ರ ಹೆಚ್ಚಿಸುವ ಔಷಧಿಗಳನ್ನು ನಿಷೇಧಿಸಿತು. ಸೀಸನ್ನಿನ ಮೊದಲೇ ಮೂತ್ರದ ಸಾಂದ್ರತೆ ನೋಡಿ, ಮೈಯಲ್ಲಿ ಸಾಕಷ್ಟು ನೀರಿರುವಾಗಲೇ ಕನಿಷ್ಠ ತೂಕ ಗೊತ್ತುಮಾಡುವ ಪದ್ಧತಿ ತಂದಿತು. ವಾರಕ್ಕೆ ಮೈತೂಕದ 1.5 ಪ್ರತಿಶತಕ್ಕಿಂತ ಹೆಚ್ಚು ಇಳಿಸುವಂತಿಲ್ಲ ಎಂದಿತು. ಮೇಲೆ ನಾನು ಹೇಳಿದ 5 ಪ್ರತಿಶತದ ಲೆಕ್ಕವೂ ಆ ಮೂವರು ಹುಡುಗರ ಸಾವಿನ ನಂತರ ಬಂದದ್ದೇ. ಹಾಗಾಗಿ ಅದನ್ನು ಯಾರೋ ಕಚೇರಿಯಲ್ಲಿ ಕೂತು ಬರೆದ ನಿಯಮ ಎಂದು ತಳ್ಳಿಹಾಕಬೇಡಿ.

ಕ್ರಿಯಾಟಿನ್ ತೆಗೆದುಕೊಂಡವರಿಗೆ ಸೆಳೆತ ಜಾಸ್ತಿ, ಬಿಸಿಲು ತಡೆಯುವುದಿಲ್ಲ ಎಂಬ ಮಾತು ಆಮೇಲೆ ನಡೆದ ಅಧ್ಯಯನಗಳಲ್ಲಿ ನಿಲ್ಲಲಿಲ್ಲ. ಆರೋಗ್ಯವಂತ ದೊಡ್ಡವರಲ್ಲಿ ಹೇಳಿದ ಪ್ರಮಾಣದ ಕ್ರಿಯಾಟಿನ್ ಕಿಡ್ನಿಗೆ ಹಾನಿ ಮಾಡಿದ್ದೂ ಕಂಡಿಲ್ಲ. ಆದರೆ ಇದರ ಅರ್ಥ ಕ್ರಿಯಾಟಿನ್ ಇದೆ, ಬೆವರು ಹರಿಸಿದರೂ ನಡೆಯುತ್ತದೆ ಎಂದಲ್ಲ. ಕಿಡ್ನಿಗೆ ಏಟು ಕೊಡುವುದು ನೀರಿಲ್ಲದ ಮೈ, ಮಿತಿಮೀರಿದ ಶಾಖ, ಅದರ ಮೇಲೆ ನುಂಗಿದ ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ. ಈ ಮೂರು ಸೇರುವುದು ಕುಸ್ತಿಪಟುಗಳಲ್ಲಿ ತೀರಾ ಸಾಮಾನ್ಯ. ತೂಕ ಇಳಿಸುವ ವಾರದಲ್ಲಿ ಆ ಮಾತ್ರೆ ಮುಟ್ಟಬೇಡಿ. ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ, ಬೆವರು ನಿಂತು ಮೈ ಸುಡುತ್ತಿದ್ದರೆ, ಮಾತು ತಡವರಿಸಿದರೆ, ವಾಂತಿ ನಿಲ್ಲದಿದ್ದರೆ ತೂಕದ ಮಾತು ಅಲ್ಲಿಗೇ ಬಿಟ್ಟು ಆಸ್ಪತ್ರೆಗೆ ಹೋಗಿ. ನಿಮಗೆ ಮೊದಲೇ ಕಿಡ್ನಿ ತೊಂದರೆ ಇದ್ದರೆ ಕ್ರಿಯಾಟಿನ್ ಬೇಡವೇ ಬೇಡ.

ರಕ್ತ ಪರೀಕ್ಷೆಯ ಬಗ್ಗೆ ಒಂದು ಮಾತು. ಕ್ರಿಯಾಟಿನ್ ತೆಗೆದುಕೊಳ್ಳುವವರ ವರದಿಯಲ್ಲಿ ಕ್ರಿಯಾಟಿನಿನ್ ಅಂಕಿ ಸ್ವಲ್ಪ ಮೇಲೆ ಇರಬಹುದು. ಕಿಡ್ನಿ ಕೆಟ್ಟಿದೆ ಎಂದು ಅದನ್ನು ತಪ್ಪಾಗಿ ಓದುವುದುಂಟು. ಪರೀಕ್ಷೆ ಬರೆಯುವ ವೈದ್ಯರಿಗೆ ಕ್ರಿಯಾಟಿನ್ ವಿಷಯ ಮೊದಲೇ ಹೇಳಿ. ಅನುಮಾನ ಉಳಿದರೆ ಸಿಸ್ಟಾಟಿನ್ ಸಿ ಎಂಬ ಇನ್ನೊಂದು ಪರೀಕ್ಷೆ ಇದೆ, ಅದರ ಮೇಲೆ ಕ್ರಿಯಾಟಿನ್‌ನ ಪ್ರಭಾವ ಬೀಳುವುದಿಲ್ಲ.

ನೀವು ಕೇಳಿಲ್ಲ, ಆದರೂ ಹೇಳಬೇಕು: ಡಬ್ಬಿಯಲ್ಲಿ ಏನಿದೆ ನೋಡಿಕೊಳ್ಳಿ. ಕ್ರಿಯಾಟಿನ್ ವಾಡಾ ನಿಷೇಧಿತ ಪಟ್ಟಿಯಲ್ಲಿ ಇಲ್ಲ. ಆದರೆ ಹತ್ತು ಪದಾರ್ಥ ಬೆರೆಸಿದ ಪ್ರೀ-ವರ್ಕೌಟ್, ಫ್ಯಾಟ್ ಬರ್ನರ್ ಡಬ್ಬಿಗಳಲ್ಲಿ ಲೇಬಲ್ ಮೇಲೆ ಬರೆಯದ ಉತ್ತೇಜಕಗಳು ಇರಬಹುದು. ಮೈಯಲ್ಲಿ ಸಿಕ್ಕರೆ ಹೊಣೆ ನಿಮ್ಮದೇ, ಗೊತ್ತಿರಲಿಲ್ಲ ಎಂದರೆ ಕೇಳುವುದಿಲ್ಲ. ಬರೀ ಕ್ರಿಯಾಟಿನ್ ಮಾನೊಹೈಡ್ರೇಟ್ (ಕ್ರಿಯಾಟಿನ್‌ನ ಸಾಮಾನ್ಯ ರೂಪ) ಇರುವ, ನಿಷೇಧಿತ ವಸ್ತುಗಳಿಗಾಗಿ ಪರೀಕ್ಷೆಯಾಗಿದೆ ಎಂದು ತೋರಿಸುವ ಇನ್ಫಾರ್ಮ್ಡ್ ಸ್ಪೋರ್ಟ್ ಅಥವಾ ಎನ್‌ಎಸ್‌ಎಫ್ ಸರ್ಟಿಫೈಡ್ ಫಾರ್ ಸ್ಪೋರ್ಟ್ ಗುರುತಿನ ಡಬ್ಬಿಯನ್ನೇ ಆರಿಸಿ. ‘ನೀರು ಹಿಡಿಯದ ಕ್ರಿಯಾಟಿನ್’ ಎಂದು ದುಬಾರಿ ಬೆಲೆಗೆ ಮಾರುವ ಬೇರೆ ರೂಪಗಳು ಮಾನೊಹೈಡ್ರೇಟ್‌ಗಿಂತ ಮೇಲು ಎಂದು ಸಾಬೀತಾಗಿಲ್ಲ. ಮೂತ್ರ ಹೆಚ್ಚಿಸುವ ಮಾತ್ರೆಗಳು ಟೂರ್ನಿ ಇರಲಿ ಇಲ್ಲದಿರಲಿ, ಎಲ್ಲ ಕಾಲಕ್ಕೂ ನಿಷಿದ್ಧ. ಯಾರಾದರೂ ಕೊನೆಯ ರಾತ್ರಿ ಅಂಥದ್ದನ್ನು ಕೈಗೆ ಕೊಟ್ಟರೆ ಅವರು ನಿಮ್ಮ ಹಿತ ಬಯಸುವವರಲ್ಲ.

ಕೊನೆಗೆ ನಿಮ್ಮ ತಮ್ಮ. 16 ವರ್ಷಕ್ಕೆ ಕ್ರಿಯಾಟಿನ್ ಬೇಡ. ಅಮೆರಿಕದ ಮಕ್ಕಳ ವೈದ್ಯರ ಸಂಘವೂ 18 ವರ್ಷದೊಳಗಿನವರಿಗೆ ಇದನ್ನು ಪ್ರೋತ್ಸಾಹಿಸುವುದಿಲ್ಲ. ಆ ವಯಸ್ಸಿನಲ್ಲಿ ಪಟ್ಟು ಕಲಿಯುವುದರಿಂದ, ಚೆನ್ನಾಗಿ ತಿನ್ನುವುದರಿಂದ, ನಿದ್ದೆ ಮಾಡುವುದರಿಂದ ಬರುವ ಬಲ ಬೇಕಾದಷ್ಟಿದೆ. ಅವನ ವಿಷಯದಲ್ಲಿ ನನಗೆ ಕ್ರಿಯಾಟಿನ್‌ಗಿಂತ ದೊಡ್ಡ ಚಿಂತೆ ತೂಕ ಇಳಿಸುವುದು. ಅಣ್ಣ ಮಾಡಿದ್ದನ್ನು ತಮ್ಮ ನೋಡಿ ಮಾಡುತ್ತಾನೆ. ಬೆಳೆಯುವ ಹುಡುಗನ ತೂಕ ವರ್ಷಕ್ಕೆ ಕೆಲವು ಕೆಜಿ ಏರಲೇಬೇಕು. ಅವನು ಈಗ ಯಾವ ತೂಕದಲ್ಲಿದ್ದಾನೋ ಅದೇ ವಿಭಾಗದಲ್ಲಿ ಆಡಲಿ, ಮುಂದಿನ ಸೀಸನ್ನಿಗೆ ಮೇಲಿನ ವಿಭಾಗಕ್ಕೆ ಹೋಗಲಿ. ಇದನ್ನು ನೀವೇ ಅವನಿಗೆ ಹೇಳಿ, ನನಗಿಂತ ನಿಮ್ಮ ಮಾತನ್ನು ಜಾಸ್ತಿ ಕೇಳುತ್ತಾನೆ.

ನಿಮ್ಮ ಕೊಬ್ಬಿನ ಅಳತೆ ಸಿಕ್ಕ ಮೇಲೆ ಆ ಅಂಕಿ, ಕಳೆದ ಮೂರು ತಿಂಗಳ ತೂಕ, ಟೂರ್ನಿಯ ತೂಕದ ನಿಯಮ, ಈ ಮೂರನ್ನೂ ಬರೆದು ಕಳಿಸಿ. 65 ಸರಿಯೋ 70 ಸರಿಯೋ ಎಂದು ಖಚಿತವಾಗಿ ಹೇಳುತ್ತೇನೆ. ಆದರೆ ಎರಡು ವಾರ ದಾಟಿಸಬೇಡಿ.